ಐದು ಗೇಣು, ಮೂರು ಗಂಟು

ಚಳಿ ಹಿಂದೆ ಸರಿದಿತ್ತು, ಬಿಸಿಲಿಗೆ ಇನ್ನೂ ಹಲ್ಲು ಮೂಡಿರಲಿಲ್ಲ. ಹೊಳೆಯ ಎರಡೂ ದಡದಲ್ಲಿ ಗೋಧಿ ಬಲಿತು ಹೊಂಬಣ್ಣಕ್ಕೆ ತಿರುಗಿತ್ತು. ಇಬ್ಬನಿ ಆರುವ ಮೊದಲೇ ಕೊಯ್ದರೆ ಕಾಳು ಉದುರುವುದಿಲ್ಲವೆಂದು ಜನ ಬೆಳಕು ಹರಿಯುವಾಗಲೇ ಕುಡುಗೋಲು ಹಿಡಿದು ಹೊಲಕ್ಕಿಳಿಯುತ್ತಿದ್ದರು. ಬಿಸಿಲೇರುವ ಹೊತ್ತಿಗೆ ಸಿವುಡು ಕಟ್ಟಿ, ಹೊತ್ತು ತಂದು ಕಣದಲ್ಲಿ ಒಟ್ಟಿ, ನೆರಳು ಸೇರುತ್ತಿದ್ದರು. ದಿಬ್ಬದ ಮೇಲಿನ ಕಾಲೇಜಿನ ಕಿಟಕಿಯಿಂದ ಇದೆಲ್ಲ ಕಾಣುತ್ತಿತ್ತು. ಕಾಲೇಜಿನೊಳಗೂ ಒಂದು ಬಗೆಯ ಸುಗ್ಗಿಯೇ ನಡೆದಿತ್ತು. ಪರೀಕ್ಷೆ ಮುಗಿದು ಉತ್ತರಪತ್ರಿಕೆಗಳ ಕಟ್ಟುಗಳು ಬಂದು ಬಿದ್ದಿದ್ದವು. ಅವನ್ನು ಬಿಚ್ಚಿ, ತೂರಿ, ಜೊಳ್ಳಿನ ನಡುವೆ ಕಾಳು ಹುಡುಕುತ್ತ ಮೇಷ್ಟ್ರು ಬೆಳಗಿನಿಂದ ಕೂತಿದ್ದರು.

ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗ ಎಂದು ಬಾಗಿಲ ಮೇಲೆ ಹಲಗೆಯಿತ್ತು. ವಿಭಾಗವೆಂದರೆ ಮೇಷ್ಟ್ರೊಬ್ಬರೇ. ಮುಖ್ಯಸ್ಥರೂ ಅವರೇ, ಬೆಳಿಗ್ಗೆ ಬೀಗ ತೆಗೆಯುವವರೂ ಅವರೇ. ಹಿಂದೆ ಇನ್ನೊಬ್ಬರಿದ್ದರು. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ, ಕುರ್ಚಿ ಮಾತ್ರ ಉಳಿಯಿತು. ಮೇಷ್ಟ್ರು ತಮ್ಮ ಊಟದ ಡಬ್ಬಿಯನ್ನು ಆ ಕುರ್ಚಿಯ ಮೇಲಿಡುತ್ತಿದ್ದರು. ಮಧ್ಯಾಹ್ನ ಅಲ್ಲಿಂದ ಎತ್ತಿಕೊಳ್ಳುವಾಗ ಯಾರೋ ತಂದುಕೊಟ್ಟ ಹಾಗಾಗುತ್ತದೆ ಎಂದು ಒಮ್ಮೆ ಝೆರಾಕ್ಸ್ ಅಂಗಡಿಯವನ ಹತ್ತಿರ ಬಾಯಿ ತಪ್ಪಿ ಹೇಳಿ, ಆಮೇಲೆ ಎರಡು ದಿನ ಆ ಕಡೆ ತಲೆ ಹಾಕಿರಲಿಲ್ಲ. ವಯಸ್ಸು ಐವತ್ತೇಳು. ಮದುವೆಯ ಮಾತು ಬಂದ ಕಾಲದಲ್ಲಿ ಓದು ಮುಗಿಯಲಿ ಎಂದಿದ್ದರು. ಓದು ಮುಗಿಯಲೇ ಇಲ್ಲ.

ಹನ್ನೊಂದರ ಸುಮಾರಿಗೆ ಮೇಜಿನ ಮೇಲಿದ್ದ ಫೋನು ಒಮ್ಮೆ ಗುರ್ರೆಂದಿತು. ಮೇಷ್ಟ್ರು ನೋಡಿದರು. ಮೂರು ತಿಂಗಳಿಂದ ಕಾಯುತ್ತಿದ್ದ ಪತ್ರ. ಸಮುದ್ರದಾಚೆಯ ಒಂದು ದೊಡ್ಡ ಜರ್ನಲ್ಲಿಗೆ ಅವರು ಕಳಿಸಿದ್ದ ಲೇಖನದ ಬಗ್ಗೆ ಸಂಪಾದಕರ ತೀರ್ಪು. ಫೋನಿನಲ್ಲಿ ಓದಲು ಅವರಿಗೆ ಧೈರ್ಯ ಸಾಲಲಿಲ್ಲ. ಮುಖ್ಯವಾದದ್ದನ್ನು ಕಾಗದದ ಮೇಲೆಯೇ ಓದುವುದು ಅವರ ಅಭ್ಯಾಸ. ಕೆಂಪು ಪೆನ್ನಿಗೆ ಮುಚ್ಚಳ ಹಾಕಿ, ವಿಭಾಗಕ್ಕೆ ಬೀಗ ಹಾಕಿ, ದಿಬ್ಬ ಇಳಿದು ಝೆರಾಕ್ಸ್ ಅಂಗಡಿಗೆ ಬಂದರು.

ಅಂಗಡಿಯವನು ಮೇಷ್ಟ್ರ ಹಳೆಯ ಶಿಷ್ಯ. ಬಿ.ಎ.ಯಲ್ಲಿ ಅವರ ವಿಷಯದಲ್ಲೇ ಎರಡು ಸಲ ಡುಮ್ಕಿ ಹೊಡೆದು, ಬಳಿಕ ಯಂತ್ರ ಹಾಕಿಕೊಂಡು ನೆಲೆ ಕಂಡವನು. ಅದನ್ನವನು ಮರೆತಿರಲಿಲ್ಲ, ಮರೆಯಲು ಬಿಡುತ್ತಲೂ ಇರಲಿಲ್ಲ.

"ಏನ್ ಮೇಷ್ಟ್ರೇ, ಪಾಸೋ ಫೇಲೋ?" ಎಂದು ಕೇಳುತ್ತಲೇ ಫೋನು ಈಸಿಕೊಂಡು ಪ್ರಿಂಟು ಕೊಟ್ಟ. ನಾಲ್ಕು ಹಾಳೆ ಬಂತು. ಮೇಷ್ಟ್ರು ಅಲ್ಲೇ ಸ್ಟೂಲಿನ ಮೇಲೆ ಕೂತು ಓದಿದರು. ಓದುತ್ತ ಓದುತ್ತ ಅವರ ಕನ್ನಡಕ ಮೂಗಿನ ತುದಿಗೆ ಬಂತು.

ಅವರ ಲೇಖನವನ್ನು ಇಬ್ಬರು ಹೆಸರಿಲ್ಲದ ಪಂಡಿತರಿಗೆ ಕಳಿಸಿದ್ದರಂತೆ. ಮೊದಲನೆಯವರು ಬರೆದಿದ್ದರು: ಲೇಖಕರಿಗೆ ಈ ವಿಷಯದ ಮುಖ್ಯ ಗ್ರಂಥಗಳ ಪರಿಚಯ ಇದ್ದಂತಿಲ್ಲ. 'ಎರವಲು ದಡ' ಎಂಬ ಪದ್ಧತಿಯ ಅವಧಿ ಐದು ವರ್ಷ ಎನ್ನುವುದು ಬಹಳ ಹಿಂದೆಯೇ ತೀರ್ಮಾನವಾದ ಸಂಗತಿ. ಹನ್ನೊಂದು ಅಧ್ಯಯನಗಳು ಅದನ್ನು ಒಪ್ಪಿವೆ. ಲೇಖಕರು ಅದು ಮೂರು ಬೆಳೆ ಎನ್ನುತ್ತಾರೆ, ಆದರೆ ಆಧಾರವೆಂದು ಕೊಟ್ಟಿರುವುದು ಒಬ್ಬ ಮುದುಕಿಯ ಮಾತನ್ನು ಮಾತ್ರ. ಭಾಷೆಯನ್ನು ಇಂಗ್ಲಿಷ್ ಮನೆಮಾತಿನವರಿಂದ ತಿದ್ದಿಸುವುದು ಒಳ್ಳೆಯದು. ಎರಡನೆಯವರು ಅಷ್ಟು ಖಾರವಾಗಿರಲಿಲ್ಲ. ಸಾಮಗ್ರಿ ಚೆನ್ನಾಗಿದೆ, ಆ ಭಾಗದ ಗಾಳಿ ಬೆಳಕು ಇದರಲ್ಲಿದೆ, ಐದು ವರ್ಷದ ನಿಯಮಕ್ಕೆ ಇದೊಂದು ಸ್ಥಳೀಯ ಅಪವಾದ ಎಂದು ತಿದ್ದಿ ಬರೆದರೆ ಪ್ರಕಟಿಸಬಹುದು ಎಂದಿದ್ದರು. ಕೊನೆಗೆ ಸಂಪಾದಕರ ಎರಡು ಸಾಲು: ಮೂವತ್ತು ದಿನದೊಳಗೆ ತಿದ್ದಿ ಕಳಿಸಿ, ಇಲ್ಲವಾದರೆ ದಾಖಲೆಯ ಆಧಾರ ಒದಗಿಸಿ.

"ಏನಂತೆ?" ಎಂದ ಅಂಗಡಿಯವನು.

"ನಾನು ಇನ್ನೂ ಓದಬೇಕಂತೆ."

"ನನಗೂ ನೀವು ಅದನ್ನೇ ಹೇಳ್ತಿದ್ರಿ."

ಮೇಷ್ಟ್ರು ನಕ್ಕರು. ಹನ್ನೊಂದು ಅಧ್ಯಯನಗಳು ಅವರಿಗೆ ಗೊತ್ತಿದ್ದವು. ಜರ್ನಲ್ಲುಗಳ ಬಾಗಿಲಿಗೆ ಬೀಗ. ಒಂದು ಲೇಖನ ಓದಲು ಕೇಳುವ ಹಣದಲ್ಲಿ ಅವರ ಕಾಲೇಜು ಒಂದು ತಿಂಗಳ ದಿನಪತ್ರಿಕೆ ತರಿಸುತ್ತಿತ್ತು. ಆದ್ದರಿಂದ ಬರೆದವರಿಗೇ ಒಬ್ಬೊಬ್ಬರಿಗೆ ಕಾಗದ ಬರೆದು, ಬೇಡಿ, ಎಂಟನ್ನು ತರಿಸಿಕೊಂಡಿದ್ದರು. ಉಳಿದ ಮೂರರ ಸಾರಾಂಶವನ್ನಷ್ಟೇ ಓದಿದ್ದರು, ಗೋಡೆಯಾಚೆಯ ಮಾತು ಕೇಳಿಸಿಕೊಂಡ ಹಾಗೆ. ಬರೆದವರಲ್ಲಿ ಒಬ್ಬರೂ ಈ ಹೊಳೆಯನ್ನು ಕಂಡವರಲ್ಲ. ಒಬ್ಬರು ಇನ್ನೊಬ್ಬರನ್ನು, ಇನ್ನೊಬ್ಬರು ಮತ್ತೊಬ್ಬರನ್ನು ಉಲ್ಲೇಖಿಸುತ್ತ ಹೋಗಿ, ಎಲ್ಲರೂ ಕೊನೆಗೆ ಒಂದೇ ಪುಸ್ತಕದ ನೂರ ಹನ್ನೆರಡನೆಯ ಪುಟಕ್ಕೆ ಬಂದು ನಿಲ್ಲುತ್ತಿದ್ದರು. ಆ ಪುಟದ ಕೆಳಗೆ ಏನಿತ್ತು ಎನ್ನುವುದು ಈ ಭೂಮಿಯ ಮೇಲೆ ಇಬ್ಬರಿಗೇ ಗೊತ್ತಿತ್ತು. ಒಬ್ಬರು ಆ ಪುಸ್ತಕ ಬರೆದ ಪರದೇಶದ ಪ್ರೊಫೆಸರಮ್ಮ. ಇನ್ನೊಬ್ಬರು ಝೆರಾಕ್ಸ್ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರು.

ಈ ಹೊಳೆಯೇ ಎರಡು ದೇಶಗಳ ಗಡಿ. ನಕ್ಷೆಯಲ್ಲಿ ಅದು ಅಲುಗಾಡದ ಒಂದು ಗೆರೆ; ನೆಲದ ಮೇಲೆ ನಿದ್ದೆಗಣ್ಣಿನ ಮಗುವಿನ ಹಾಗೆ ಮಗ್ಗುಲು ಬದಲಿಸುತ್ತಲೇ ಇರುತ್ತದೆ. ಹತ್ತು ಹದಿನೈದು ವರ್ಷಕ್ಕೊಮ್ಮೆ ಒಂದು ಮಳೆಗಾಲದಲ್ಲಿ ಹೊರಳಿತೆಂದರೆ, ಈ ದಡದವನ ಹೊಲ ಬೆಳಗಾಗುವುದರೊಳಗೆ ಆ ದಡದಲ್ಲಿರುತ್ತದೆ, ಅಂದರೆ ಬೇರೆ ದೇಶದಲ್ಲಿ. ಇದಕ್ಕೆ ಎರಡೂ ಕಡೆಯ ಜನ ಅಜ್ಜ ಮುತ್ತಜ್ಜರ ಕಾಲದಿಂದ ಒಂದು ಕಟ್ಟು ಮಾಡಿಕೊಂಡಿದ್ದರು. ಹೊಲ ಕಳೆದುಕೊಂಡವನು ದೋಣಿಯಲ್ಲಿ ದಾಟಿ ಹೋಗಿ, ಉತ್ತು ಬಿತ್ತಿ ಬೆಳೆ ತರಬಹುದು. ಕಾಳು ಇವನಿಗೆ, ಹುಲ್ಲು ಆ ದಡದ ದನಕ್ಕೆ. ಮೂರು ಬೆಳೆ ಮನೆ ಸೇರಿದ ಮೇಲೆ ಹೊಲ ಆ ದಡದವರದು. ಮುಂದೆ ಹೊಳೆ ಆ ಕಡೆಗೆ ಹೊರಳಿದರೆ ಅವರಿಗೂ ಇದೇ ನ್ಯಾಯ. ಅದಕ್ಕೇ ಎರವಲು ದಡ ಎಂದು ಹೆಸರು.

ಇದರ ಎಣಿಕೆ ಇಟ್ಟುಕೊಳ್ಳುವವಳು ಗಂಟಜ್ಜಿ. ಅವಳ ತಾಯಿಯಿಂದ ಬಂದ ಕೆಲಸ. ನಾರಿನ ಒಂದು ಹಗ್ಗ. ವರ್ಷಕ್ಕೊಂದು ಗೇಣು ಉದ್ದ ಬಿಡುವುದು. ಆ ವರ್ಷ ಬೆಳೆ ಮನೆಗೆ ಬಂದರೆ ಗೇಣಿನ ತುದಿಗೆ ಒಂದು ತೆನೆ ಇಟ್ಟು ಗಂಟು ಹಾಕುವುದು. ಹೊಳೆ ಬೆಳೆಯನ್ನು ನುಂಗಿದರೆ, ಹೊಲದ ಮೇಲೆ ಮರಳು ಹೊದಿಸಿ ಹೋದರೆ, ಗೇಣು ಬೋಳಾಗಿಯೇ ಉಳಿಯುತ್ತದೆ. ಮೂರು ಗಂಟು ಬಿದ್ದ ದಿನ ಎರಡೂ ದಡದವರ ಎದುರಿಗೆ ಹಗ್ಗ ಬಿಚ್ಚಿ ಹೊಳೆಗೆ ಬಿಡುವುದು. ಮುಗಿದದ್ದರ ಕುರುಹು ಇಟ್ಟುಕೊಳ್ಳಬಾರದು ಎಂದು ಅಜ್ಜಿ ಹೇಳುತ್ತಿದ್ದಳು. ಇಟ್ಟುಕೊಂಡರೆ ಮೊಮ್ಮಕ್ಕಳು ಜಗಳಕ್ಕೆ ನಿಲ್ಲುತ್ತಾರೆ.

ಇಪ್ಪತ್ತೆರಡು ವರ್ಷದ ಹಿಂದೆ ಪ್ರೊಫೆಸರಮ್ಮ ಬಂದಾಗ ಅಂಥದ್ದೇ ಒಂದು ಹಗ್ಗ ಮುಗಿಯುತ್ತಿತ್ತು. ಐದು ಗೇಣು, ಮೂರು ಗಂಟು. ಮೂರು ಬೆಳೆ ಬಂದಿದ್ದವು, ಎರಡು ಹೊಳೆಯ ಪಾಲಾಗಿದ್ದವು. ಮೇಷ್ಟ್ರಿಗೆ ಆಗ ಮೂವತ್ತೈದು. ಮೂರು ವಾರ ಅವರು ಆಕೆಯ ಬಾಯಿ, ಕಿವಿ, ಕೊಡೆ ಎಲ್ಲ ಆಗಿದ್ದರು. ತಾವು ನಾಲ್ಕು ವರ್ಷ ಹೊಳೆ ದಂಡೆ ಸುತ್ತಿ ತುಂಬಿದ್ದ ನೋಟುಬುಕ್ಕನ್ನು ಆಕೆ ಕೇಳಿದಾಗ, ಕೇಳಿದರಲ್ಲ ಎಂಬ ಖುಷಿಗೇ ಕೊಟ್ಟುಬಿಟ್ಟಿದ್ದರು. ಓದಿ ವಾಪಸ್ಸು ಕಳಿಸುತ್ತೇನೆ ಎಂದಿದ್ದರು ಆಕೆ. ಪುಸ್ತಕ ಬಂತು, ನೋಟುಬುಕ್ಕು ಬರಲಿಲ್ಲ. ಮುನ್ನುಡಿಯ ಕೊನೆಯಲ್ಲಿ 'ಸ್ಥಳೀಯ ಸಹಾಯಕರೊಬ್ಬರಿಗೆ' ಎಂದು ಕೃತಜ್ಞತೆ ಇತ್ತು. ಮೇಷ್ಟ್ರು ಆ ಸಾಲನ್ನು ಝೆರಾಕ್ಸ್ ಮಾಡಿಸಿ ವಿಭಾಗದ ಗೋಡೆಗೆ ಅಂಟಿಸಿದ್ದರು. "ಇದರಲ್ಲಿ ನಿಮ್ಮ ಹೆಸರೇ ಇಲ್ವಲ್ಲ ಮೇಷ್ಟ್ರೇ" ಎಂದು ಅಂಗಡಿಯವನು ಅಂದಾಗ, "ಸಹಾಯಕ ಅಂದರೆ ನಾನೇ ಕಣಯ್ಯ, ಇನ್ಯಾರು?" ಎಂದಿದ್ದರು.

ಆ ಪುಸ್ತಕ ಎಲ್ಲೆಲ್ಲಿಗೋ ಹೋಯಿತು. ಏಳು ವರ್ಷದ ಹಿಂದೆ ಎರಡೂ ಸರ್ಕಾರಗಳು ಕೂತು ಹೊಳೆಗೆ ಒಂದು ಕಾನೂನು ಮಾಡಿದಾಗ, ಜನರ ಪದ್ಧತಿಯನ್ನೇ ಗೌರವಿಸುತ್ತೇವೆ ಎಂದು ಆ ಪುಸ್ತಕ ನೋಡಿ ಬರೆದುಕೊಂಡವು: ಐದು ವರ್ಷ. ಆಗ ಅದರ ಬಿಸಿ ಯಾರಿಗೂ ತಟ್ಟಲಿಲ್ಲ. ಎರಡು ವರ್ಷದ ಮೇಲೆ ಹೊಳೆ ಹೊರಳಿತು. ಗಂಟಜ್ಜಿಯ ತೀರಿಹೋದ ತಮ್ಮನ ಹೊಲ ಆಚೆ ಸೇರಿತು. ತಮ್ಮನ ಮಗ, ಅಂದರೆ ಅವಳ ಸೋದರಳಿಯ, ದೋಣಿ ದಾಟಿ ಬಿತ್ತುತ್ತ ಬಂದ. ಮೊದಲ ವರ್ಷ ಬೆಳೆ ಬಂತು, ಮೂರನೆಯ ವರ್ಷ ಬಂತು. ಉಳಿದ ಮೂರು ವರ್ಷ ಒಂದಲ್ಲ ಒಂದು ರೀತಿಯಲ್ಲಿ ಹೊಳೆ ತಿಂದಿತು. ಐದು ಗೇಣು, ಎರಡು ಗಂಟು. ಈ ಸಲ ಬಿತ್ತಿ ಬಂದ ಮೇಲೆ, ಚಳಿಯ ನಡುವೆ, ಗಡಿ ಕಚೇರಿಯಿಂದ ಕಾಗದ ಬಂತು: ನಿಮ್ಮ ಐದು ವರ್ಷ ಮುಗಿದಿದೆ, ಇನ್ನು ದಾಟುವಂತಿಲ್ಲ. ಬಿತ್ತಿದ್ದು ಆಚೆ ಮೊಳೆತು, ತೆನೆಗಟ್ಟಿ, ಈಗ ಹಣ್ಣಾಗಿ ನಿಂತಿತ್ತು. ಬರಬೇಕಾಗಿದ್ದ ಮೂರನೆಯ ಬೆಳೆ ಅದು.

ಅಳಿಯ ಕಾಗದ ಹಿಡಿದು ಓಡಿ ಬಂದದ್ದು ಮೇಷ್ಟ್ರ ಹತ್ತಿರವೇ. ಮೇಷ್ಟ್ರು ಪುಸ್ತಕ ತೆಗೆದು ನೂರ ಹನ್ನೆರಡನೆಯ ಪುಟ ನೋಡಿದರು. ನೋಡಿ, ಅವನ ಜೊತೆ ಅಜ್ಜಿಯ ಮನೆಗೆ ಹೋಗಿ, "ಆ ಪ್ರೊಫೆಸರಮ್ಮ ತಪ್ಪು ಬರೆದಿದ್ದಾರೆ ಅಜ್ಜಿ" ಎಂದರು. ಹಾಗೆ ಹೇಳುವಾಗ ಅವರು ಅದನ್ನು ನಂಬಿದ್ದರು. ಅದೇ ವಾರ ಹಳೆಯ ಟ್ರಂಕು ತಡಕಾಡುವಾಗ, ನೋಟುಬುಕ್ಕಿನ ಜೊತೆ ಆಕೆಗೆ ತಾವೇ ಟೈಪು ಮಾಡಿ ಕೊಟ್ಟಿದ್ದ ಎರಡು ಪುಟದ ಸಾರಾಂಶದ ಕಾರ್ಬನ್ ಪ್ರತಿ ಸಿಕ್ಕಿತು. ನೀಲಿ ಅಕ್ಷರ ಮಾಸಿದ್ದರೂ ಓದಲು ಬರುತ್ತಿತ್ತು. 'ಅವಧಿ: ಐದು ವರ್ಷ.' ಹಗ್ಗ ನೋಡಿದ ದಿನ ಅದರ ಚಿತ್ರವನ್ನು ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ಸರಿಯಾಗಿಯೇ ಬರೆದಿದ್ದರು, ಐದು ಗೇಣಿಗೆ ಮೂರು ಗಂಟು. ಆಮೇಲೆ ಮೇಜಿನ ಮುಂದೆ ಕೂತು ಬರೆಯುವಾಗ ಗಂಟು ಬಿಟ್ಟು ಗೇಣು ಎಣಿಸಿದ್ದರು. ವರ್ಷಕ್ಕೊಂದು ಪಾಠಪಟ್ಟಿ, ವರ್ಷಕ್ಕೊಂದು ಪರೀಕ್ಷೆ ಎಂದು ಬದುಕಿದವನಿಗೆ ಬೆಳೆಯಿಂದ ಎಣಿಸಲು ತೋಚಿರಲಿಲ್ಲ.

ಅದಾದ ಮೇಲೆ ಅವರು ಅಜ್ಜಿಯ ಮನೆಗೆ ಹತ್ತಾರು ಸಲ ಹೋಗಿದ್ದರು. ಪ್ರತಿ ಸಲವೂ ಹೇಳಬೇಕು ಎಂದುಕೊಂಡೇ ಹೋಗುತ್ತಿದ್ದರು. ಪ್ರತಿ ಸಲವೂ, ಲೇಖನ ಕಳಿಸಿದ್ದೇನೆ, ಅಚ್ಚಾದರೆ ಎಲ್ಲ ಸರಿಯಾಗುತ್ತದೆ, ಎಂದಷ್ಟೇ ಹೇಳಿ ಬರುತ್ತಿದ್ದರು. ಗಡಿ ಕಚೇರಿಯ ಸರ್ವೆ ಸಾಹೇಬರು ಒಳ್ಳೆಯವರೇ. "ನಿಮ್ಮ ಮಾತು ನಾನು ನಂಬ್ತೀನಿ ಸಾರ್" ಎಂದಿದ್ದರು. "ಆದರೆ ಇದು ಎರಡು ದೇಶದ ಕಡತ. ಅಚ್ಚಾದ ಪುಸ್ತಕಕ್ಕೆ ಅಚ್ಚಾದದ್ದೇ ಉತ್ತರ ಕೊಡಬೇಕು. ಅಂಥ ಕಡೆಯೇ ಅಚ್ಚಾಗಿರೋದು ತನ್ನಿ, ಕೊಯ್ಲಿಗೆ ಮುಂಚೆ ತನ್ನಿ, ನಾನು ಸಹಿ ಹಾಕಿಸ್ತೀನಿ."

ಆದ್ದರಿಂದ ಈಗ ಬೇಕಾದದ್ದು ನೋಟುಬುಕ್ಕಿನ ಆ ಒಂದು ಪುಟ. ಅಂದಿನ ಹಗ್ಗ ಹೊಳೆಗೆ ಹೋಗಿತ್ತು. ಐದು ಗೇಣಿಗೆ ಮೂರು ಗಂಟು ಎನ್ನುವುದಕ್ಕೆ ಇನ್ನು ಉಳಿದಿದ್ದುದು ಆ ಪೆನ್ಸಿಲ್ ಚಿತ್ರ ಒಂದೇ.

ಮೇಷ್ಟ್ರು ಅಂಗಡಿಯ ಕಂಪ್ಯೂಟರಿನ ಮುಂದೆಯೇ ಕೂತು ಪ್ರೊಫೆಸರಮ್ಮನಿಗೆ ಪತ್ರ ಬರೆದರು. ಎಂಟು ಸಲ ಅಳಿಸಿ ಬರೆದರು. ತಪ್ಪು ತಮ್ಮದು ಎಂದು ಒಂದು ಸಾಲು ಬರೆದು, ಅದು ಈಗ ಮುಖ್ಯವಲ್ಲ ಎಂದು ಅಳಿಸಿದರು.

ಉತ್ತರ ಎರಡೇ ದಿನಕ್ಕೆ ಬಂತು. ಪ್ರೀತಿಯ ಪತ್ರ. ಆಕೆಗೆ ದೋಣಿ ನೆನಪಿತ್ತು, ಅಜ್ಜಿಯ ನಗು ನೆನಪಿತ್ತು, ಮಳೆಯಲ್ಲಿ ಹಾರಿಹೋದ ಮೇಷ್ಟ್ರ ಕೊಡೆ ಕೂಡ. ಈಗ ವಯಸ್ಸಾಗಿದೆ, ಮನೆ ಚಿಕ್ಕದು ಮಾಡಿಕೊಂಡೆ, ನನ್ನ ಕಾಗದಪತ್ರವನ್ನೆಲ್ಲ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಟ್ಟುಬಿಟ್ಟೆ, ನಿಮ್ಮ ನೋಟುಬುಕ್ಕು ಅದರಲ್ಲೇ ಇರಬೇಕು, ವಾಪಸ್ಸು ಕಳಿಸದೇ ಹೋದದ್ದಕ್ಕೆ ನಾಚಿಕೆಯಾಗುತ್ತದೆ ಎಂದು ಬರೆದಿದ್ದರು. ಕೊನೆಯಲ್ಲಿ ಇನ್ನೊಂದು ಸಾಲು. ಐದು ವರ್ಷದ ವಿಷಯದಲ್ಲಿ ಮಾತ್ರ ಅವಸರ ಬೇಡ, ಬಳಿಕ ಬಂದ ಅಷ್ಟೂ ಅಧ್ಯಯನಗಳು ಅದನ್ನು ದೃಢಪಡಿಸಿವೆಯಲ್ಲ.

ಆ ಸಾಲನ್ನು ಮೇಷ್ಟ್ರು ಇನ್ನೊಮ್ಮೆ ಓದಿದರು. ಆಕೆ ಸುಳ್ಳು ಹೇಳುವ ಹೆಂಗಸಲ್ಲ. ತಮ್ಮ ದನಿಯೇ ಹನ್ನೊಂದು ಗುಡ್ಡಕ್ಕೆ ಬಡಿದು ಹಿಂದಕ್ಕೆ ಬಂದರೆ ಯಾರಿಗಾದರೂ ಅದು ಹನ್ನೊಂದು ಜನರ ದನಿ ಎಂದೇ ಅನಿಸುತ್ತದೆ. ಆದರೆ ಅದು ಆಕೆಯ ದನಿಯೂ ಆಗಿರಲಿಲ್ಲ.

ಗ್ರಂಥಾಲಯದವರ ಉತ್ತರಕ್ಕೆ ಒಂಬತ್ತು ದಿನ ಹಿಡಿಯಿತು. ಅಷ್ಟು ದಿನವೂ ಮೇಷ್ಟ್ರು ಬೆಳಿಗ್ಗೆ ಕಿಟಕಿ ತೆಗೆದು ಮೊದಲು ಆಚೆ ದಡ ನೋಡುತ್ತಿದ್ದರು. ಸುತ್ತಲಿನ ಹೊಲಗಳು ಒಂದೊಂದಾಗಿ ಕೊಯ್ಲಾಗಿ ಬೋಳಾಗುತ್ತ ಬಂದವು. ನಡುವೆ ಅಳಿಯನ ಹೊಲ ಒಂದೇ, ಎಲ್ಲರೂ ಎದ್ದು ಹೋದ ಪಂಕ್ತಿಯಲ್ಲಿ ಉಳಿದುಹೋದವನ ಹಾಗೆ, ನಿಂತಿತ್ತು. ಆಚೆಯವರೂ ಅದನ್ನು ಮುಟ್ಟಿರಲಿಲ್ಲ. ಅವರಿಗೂ ಪದ್ಧತಿ ಗೊತ್ತು. ಕಾಗದ ತಮ್ಮ ಕಡೆಗಿದ್ದರೂ ಕೈ ಬರುತ್ತಿರಲಿಲ್ಲವೇನೋ.

ಉತ್ತರ ಸಭ್ಯವಾಗಿತ್ತು. ನೀವು ಕೇಳಿದ ವಸ್ತು ಪ್ರೊಫೆಸರರ ಸಂಗ್ರಹದ ಹದಿನಾಲ್ಕನೆಯ ಪೆಟ್ಟಿಗೆಯಲ್ಲಿದೆ, ಆ ಸಂಗ್ರಹ ಪ್ರೊಫೆಸರರ ಹೆಸರಿನಲ್ಲಿದೆ. ಓದುವ ಕೋಣೆಗೆ ಖುದ್ದಾಗಿ ಬಂದು ನೋಡಬಹುದು, ಸೋಮವಾರದಿಂದ ಗುರುವಾರ, ಬೆಳಿಗ್ಗೆ ಹತ್ತರಿಂದ ನಾಲ್ಕು. ಪೆನ್ಸಿಲ್ ಮಾತ್ರ ತರಬೇಕು. ಪ್ರತಿ ಬೇಕಾದರೆ ಅರ್ಜಿ ಹಾಕಿ, ಎಂಟರಿಂದ ಹತ್ತು ವಾರ.

ಅಂಗಡಿಯವನು ಹಿಂದಿನಿಂದ ಬಗ್ಗಿ ಓದಿದ. ತಮಾಷೆ ಮಾಡಲು ಬಾಯಿ ತೆರೆದವನು ಮೇಷ್ಟ್ರ ಮುಖ ನೋಡಿ ಮುಚ್ಚಿಕೊಂಡ. "ನಿಮ್ಮ ನೋಟ್‌ಬುಕ್ ನೋಡೋಕೆ ನೀವು ಅರ್ಜಿ ಹಾಕಬೇಕಾ ಮೇಷ್ಟ್ರೇ?" ಎಂದ.

"ಪೆನ್ಸಿಲ್ ತರಬೇಕಂತೆ."

ಮೇಷ್ಟ್ರು ಅರ್ಜಿ ಹಾಕಿದರು. 'ನಿಮಗೂ ಈ ವಸ್ತುವಿಗೂ ಏನು ಸಂಬಂಧ' ಎಂಬ ಜಾಗದಲ್ಲಿ 'ಸಂಶೋಧಕ' ಎಂದು ಬರೆದರು. ಬೇರೆ ಯಾವ ಮಾತೂ ಆ ಖಾನೆಗೆ ಹೊಂದುವಂತಿರಲಿಲ್ಲ.

ಎರಡು ದಿನ ಕಳೆದ ಮೇಲೆ ಜೋರಾಗಿ ಗಾಳಿ ಬೀಸಿತು. ಮಾಗಿದ ಗೋಧಿಗೆ ಗಾಳಿಯೇ ಕಳ್ಳ. ಮಾರನೆಯ ಬೆಳಿಗ್ಗೆ ಮೇಷ್ಟ್ರು ಕಿಟಕಿ ತೆಗೆದಾಗ ಆಚೆಯ ಆ ಹೊಲದಲ್ಲಿ ಜನ ಇಳಿದಿದ್ದರು. ಹತ್ತು ಹನ್ನೆರಡು ಬೆನ್ನುಗಳು ಸಾಲಾಗಿ ಬಗ್ಗಿದ್ದವು. ಈಚೆ ದಂಡೆಯ ಮೇಲೆ ಒಬ್ಬನೇ ಒಬ್ಬ ಆಳು ನಿಂತಿದ್ದ. ಅಷ್ಟು ದೂರದಿಂದಲೂ ಅದು ಅಳಿಯ ಎಂದು ಗೊತ್ತಾಗುತ್ತಿತ್ತು. ಆಚೆ ಒಬ್ಬ ಬೆನ್ನು ನೇರ ಮಾಡಿ, ಈ ಕಡೆ ನೋಡಿ, ಕೈ ಎತ್ತಿದ. ಏನು ಹೇಳಿದನೋ. ಅಳಿಯ ಕೈ ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಲ ಬೋಳಾಯಿತು.

ಉತ್ತರಪತ್ರಿಕೆಯ ಕಟ್ಟು ಹಾಗೆಯೇ ಬಿಟ್ಟು ಮೇಷ್ಟ್ರು ಅಂಗಡಿಗೆ ಇಳಿದರು. ಸಂಪಾದಕರು ಕೊಟ್ಟ ಗಡುವಿಗೆ ಇನ್ನೂ ಹದಿನಾರು ದಿನ ಇತ್ತು. ಮೂರು ಎಂದಿದ್ದ ಕಡೆ ಐದು ಎಂದು ಬರೆದು, ಮೂರನ್ನು ಸ್ಥಳೀಯ ಅಪವಾದ ಮಾಡಿದರೆ ಲೇಖನ ಅಚ್ಚಾಗುತ್ತಿತ್ತು. ಅಂಥ ಒಂದೇ ಒಂದು ಲೇಖನ ಇಲ್ಲದೆ ಮೇಷ್ಟ್ರ ಬಡ್ತಿಯ ಕಡತ ಒಂಬತ್ತು ವರ್ಷದಿಂದ ನಿಂತಿತ್ತು. ಪ್ರೊಫೆಸರ್ ಎನ್ನಿಸಿಕೊಂಡು ನಿವೃತ್ತರಾಗಬೇಕೆಂಬ ಆಸೆ ಅವರಿಗೆ ಇಲ್ಲದೆ ಇರಲಿಲ್ಲ. ಬಾಗಿಲ ಹಲಗೆಯಲ್ಲಿ ಅದಕ್ಕೆಂದೇ ಜಾಗ ಬಿಡಿಸಿದ್ದರು. ಕೂತು ಐದೇ ಸಾಲು ಬರೆದರು. ಮೂರನ್ನು ಐದು ಮಾಡಲಾರೆ. ನಿಮ್ಮ ಹನ್ನೊಂದು ಅಧ್ಯಯನಗಳ ಐದು ನನ್ನದು. ಇಪ್ಪತ್ತೆರಡು ವರ್ಷದ ಹಿಂದೆ ನಾನು ತಪ್ಪು ಎಣಿಸಿ ಟೈಪು ಮಾಡಿ ಕೊಟ್ಟದ್ದು. ಕಾರ್ಬನ್ ಪ್ರತಿ ನನ್ನ ಬಳಿ ಇದೆ. ಬೇಕಾದರೆ ಕಳಿಸುತ್ತೇನೆ.

ಕಳಿಸಿದ ಮರುಗಳಿಗೆಯೇ ಉತ್ತರ ಬಂತು. ನಿಮ್ಮ ಪತ್ರ ತಲುಪಿದೆ, ಇದು ಯಂತ್ರ ತಾನಾಗಿ ಕಳಿಸಿದ ಸಂದೇಶ, ದಯವಿಟ್ಟು ಇದಕ್ಕೆ ಉತ್ತರಿಸಬೇಡಿ.

ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಚಳಿಗಾಲ ಪೂರ್ತಿ ನಾಲಗೆಯ ತುದಿಯಲ್ಲಿ ಇಟ್ಟುಕೊಂಡು ತಿರುಗಿದ ಮಾತನ್ನು ಕೊನೆಗೆ ಯಾರಿಗೆ ಹೇಳಿದೆ? ಒಂದು ಯಂತ್ರಕ್ಕೆ. ಹೇಳಬೇಕಾದ ಮನೆ ಅರ್ಧ ಗಂಟೆಯ ದಾರಿಯಲ್ಲಿತ್ತು.

ಅವರು ಹೋದಾಗ ಗಂಟಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಎಂಬತ್ತರ ಹತ್ತಿರದ ಜೀವ, ಕಣ್ಣು ಮಂಜಾಗಿತ್ತು, ಬೆರಳು ಮಾತ್ರ ಇನ್ನೂ ಚುರುಕು. ಅಂಗಳದಲ್ಲಿ ಅಳಿಯ ದೋಣಿಯ ಹುಟ್ಟನ್ನು ಗೋಡೆಗೆ ಆನಿಸಿ, ಅದಕ್ಕೆ ಅಂಟಿದ ಕೆಸರನ್ನು ಕಲ್ಲಿನಿಂದ ಕೆರೆಯುತ್ತಿದ್ದ. ಕೆಸರು ಎಂದೋ ಒಣಗಿತ್ತು. ಮೇಷ್ಟ್ರನ್ನು ನೋಡಿ ಅವನು ಎದ್ದು ನಿಲ್ಲಲಿಲ್ಲ. ಹಿಂದೆಲ್ಲ ನಿಲ್ಲುತ್ತಿದ್ದ.

"ಬಂದ್ರಾ ಮೇಷ್ಟ್ರೇ," ಎಂದಳು ಅಜ್ಜಿ, ಹೆಜ್ಜೆಯ ಸದ್ದಿಗೇ. "ಕೂತ್ಕೊಳ್ಳಿ. ಇವತ್ತು ಎಲ್ಲರೂ ಬಂದು ಸಮಾಧಾನ ಹೇಳಿ ಹೋದರು. ನೀವೊಬ್ಬರು ಬಾಕಿ ಇದ್ರಿ."

ಮೇಷ್ಟ್ರು ಕೂರಲಿಲ್ಲ. ನಿಂತೇ ಹೇಳಿದರು. "ಸಮಾಧಾನ ಹೇಳೋಕೆ ಬರಲಿಲ್ಲ ಅಜ್ಜಿ. ಆ ಐದು ವರ್ಷ ಅಂತ ಬರೆದದ್ದು ಪ್ರೊಫೆಸರಮ್ಮ ಅಲ್ಲ. ನಾನು. ನಾನು ಬರೆದುಕೊಟ್ಟದ್ದನ್ನ ಅವರು ಹಾಗೇ ಹಾಕಿಕೊಂಡಿದ್ದಾರೆ ಅಷ್ಟೆ."

ಅಂಗಳದಲ್ಲಿ ಕೆರೆಯುವ ಸದ್ದು ನಿಂತಿತು.

"ಗೊತ್ತು," ಎಂದಳು ಅಜ್ಜಿ.

"ಗೊತ್ತಾ? ಯಾವಾಗಿಂದ?"

"ಆ ಹೆಂಗಸಿಗೆ ನಮ್ಮ ಮಾತಲ್ಲಿ ನೀರು ಕೊಡಿ ಅನ್ನೋಕೂ ಬರ್ತಿರಲಿಲ್ಲ. ಅವಳ ಕಿವಿಗೆ ಏನು ಬಿದ್ದರೂ ನಿಮ್ಮ ಬಾಯಿಂದಲೇ ಬೀಳಬೇಕು. ಇನ್ಯಾರು ಹೇಳ್ತಾರೆ, ದೋಣಿ ಹೇಳುತ್ತಾ?"

"ಮತ್ತೆ ಯಾಕೆ ನನ್ನ ಕೇಳಲಿಲ್ಲ?"

"ನೀವಾಗೇ ಹೇಳ್ತೀರೇನೋ ಅಂತ ನೋಡ್ತಿದ್ದೆ. ಚಳೀಲಿ ಬಂದು ಬಂದು ಕೂತು, ಗಂಟಲು ಸರಿ ಮಾಡಿಕೊಂಡು ಎದ್ದು ಹೋಗ್ತಿದ್ರಿ. ಕೆಮ್ಮಿಗೆ ಕಷಾಯ ಮಾಡಿಕೊಡೋಣ ಅಂತಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಹಗುರವಾಗುತ್ತಿತ್ತು. ಅವರು ಜಗಲಿಯ ಅಂಚಿಗೆ ಕೂತು ಉಳಿದದ್ದನ್ನೂ ಹೇಳಿದರು. ನೋಟುಬುಕ್ಕು ಪೆಟ್ಟಿಗೆ ಸೇರಿದ್ದು, ಅದನ್ನು ನೋಡಲು ಹಾಕಿದ ಅರ್ಜಿ, ಸಂಪಾದಕರ ಪತ್ರ. ಐದು ಎಂದು ತಿದ್ದಿದರೆ ಅಚ್ಚು ಮಾಡುತ್ತೇವೆ ಎಂದಿದ್ದರು ಎಂದೂ ಹೇಳಿದರು.

"ಮಾಡಿದರೆ ನಿಮಗೇನು ಸಿಗುತ್ತೆ?"

"ದೊಡ್ಡ ಹುದ್ದೆ. ಹಲಗೆ ಮೇಲೆ ಹೆಸರಿನ ಮುಂದೆ ಒಂದು ಮಾತು."

"ಹಾಗಿದ್ರೆ ಬರೀಬೇಕಿತ್ತು. ಹೊಲ ಅಂತೂ ಹೋಯ್ತು. ನನ್ನ ಹೆಸರು ಮಾತ್ರ ಹಾಕಬೇಡಿ ಅಷ್ಟೆ."

"ಹಾಕಿದ್ದೆ. ಮೂರು ಅಂತ ಬರೆದದ್ದಕ್ಕೆ ನಿಮ್ಮ ಹೆಸರೇ ಆಧಾರ ಹಾಕಿದ್ದೆ. ಒಬ್ಬ ಮುದುಕಿ ಮಾತು ಸಾಲೋದಿಲ್ಲ ಅಂದರು."

ಗಂಟಜ್ಜಿ ನಕ್ಕಳು. ಪ್ರೊಫೆಸರಮ್ಮ ನೆನಪಿಟ್ಟುಕೊಂಡಿದ್ದ ನಗು ಅದೇ ಇರಬೇಕು. "ಮುದುಕಿ ಅಂದ್ರಂತಾ? ಐವತ್ತೆಂಟರಲ್ಲಿ ಹೇಳಿದ್ದಪ್ಪ ನಾನು. ಇವರು ಓದೋದರೊಳಗೆ ಮುದುಕಿಯಾದೆ."

ಅಳಿಯ ಎದ್ದು ಹತ್ತಿರ ಬಂದ. ಮೇಷ್ಟ್ರ ಮುಖ ನೋಡದೆ, ಕೈಯಲ್ಲಿದ್ದ ಕಲ್ಲನ್ನು ನೋಡುತ್ತ ಕೇಳಿದ. "ನಾನು ಕಾಗದ ತಂದ ದಿನವೇ ಹೇಳಿದ್ರೆ? ನಾನು ಬರೆದದ್ದು, ತಪ್ಪು ಬರೆದೆ ಅಂತ ಸಾಹೇಬರ ಮುಂದೆ ನೀವು ನಿಂತಿದ್ರೆ ಏನಾದ್ರೂ ಆಗ್ತಿತ್ತಾ?"

ಮೇಷ್ಟ್ರು ಇದನ್ನು ತಮ್ಮಷ್ಟಕ್ಕೆ ಬಹಳ ಸಲ ಕೇಳಿಕೊಂಡಿದ್ದರು. ಕಾರ್ಬನ್ ಪ್ರತಿ ಅಚ್ಚಾದದ್ದಲ್ಲ. ಸಾಹೇಬರು ತಲೆಯಾಡಿಸಿ ಕಳಿಸುತ್ತಿದ್ದರೇನೋ. ಅಥವಾ ಒಂದು ವರ್ಷದ ಮಟ್ಟಿಗೆ ಕಣ್ಣು ಮುಚ್ಚಿಕೊಂಡು ದೋಣಿ ಬಿಡುತ್ತಿದ್ದರೇನೋ.

"ಗೊತ್ತಿಲ್ಲಪ್ಪ," ಎಂದರು. "ಆಗ್ತಿತ್ತೋ ಏನೋ. ನಾನು ನಿಲ್ಲಲಿಲ್ಲ."

ಅಳಿಯ ಕಲ್ಲನ್ನು ಅಂಗಳದ ಮೂಲೆಗೆ ಎಸೆದು, ಹುಟ್ಟನ್ನು ಹೆಗಲಿಗೇರಿಸಿ, ಮನೆಯ ಹಿಂದಕ್ಕೆ ಹೋದ. ಬೈಯಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಮೇಷ್ಟ್ರು ಅವನು ಹೋದ ದಿಕ್ಕನ್ನೇ ನೋಡುತ್ತ ಕೂತರು.

ಅಜ್ಜಿ ಬಾಗಿಲ ಪಕ್ಕದ ಗೂಟದಿಂದ ಅಳಿಯನ ಹೊಲದ ಹಗ್ಗ ತೆಗೆದಳು. "ಇವನ ಕೈಲಿ ಹಿಡಿಸೋಣ ಅಂತಿದ್ದೆ. ಇನ್ನು ಇವತ್ತು ಅವನು ಬರಲ್ಲ. ನೀವೇ ಈ ತುದಿ ಹಿಡ್ಕೊಳ್ಳಿ."

ಮೇಷ್ಟ್ರು ತುದಿ ಹಿಡಿದರು. ಅಜ್ಜಿ ಐದನೆಯ ಗೇಣು ಮುಗಿದಲ್ಲಿಂದ ಹೆಬ್ಬೆರಳು ಊರಿ, ಕಿರುಬೆರಳು ಚಾಚಿ, ಇನ್ನೊಂದು ಗೇಣು ಅಳೆದಳು. ಅಳೆದು, ತುದಿಯಲ್ಲಿ ಬೆರಳು ಒತ್ತಿ ಬಿಟ್ಟಳು. ಗಂಟು ಹಾಕಲಿಲ್ಲ.

"ಇದ್ಯಾಕೆ ಅಜ್ಜಿ? ಅದು ಮುಗಿದುಹೋಯಿತಲ್ಲ."

"ಯಾರು ಹೇಳಿದ್ದು? ಬೆಳೆ ಮನೆಗೆ ಬಂತಾ? ಬರಲಿಲ್ಲ. ಹೊಳೆ ತಿಂದರೂ ಒಂದೇ, ಕಾಗದ ತಿಂದರೂ ಒಂದೇ. ಗೇಣು ಬೋಳು, ಗಂಟು ಬಾಕಿ. ಆಚೆಯವನಿಗೂ ಗೊತ್ತು. ಅದಕ್ಕೇ ಕೈ ಎತ್ತಿದ್ದು ಅವನು."

ಬಿಸಿಲು ಜಗಲಿಯಿಂದ ಇಳಿದು ಅಂಗಳದ ಅರ್ಧಕ್ಕೆ ಸರಿದಿತ್ತು. ಮೇಷ್ಟ್ರು ಚೀಲದಿಂದ ಒಂದು ಹೊಸ ನೋಟುಬುಕ್ಕು ತೆಗೆದರು. ಪೆನ್ಸಿಲಿಗಾಗಿ ತಡಕಾಡಿದರೆ ಸಿಕ್ಕಿದ್ದು ಉತ್ತರಪತ್ರಿಕೆಯ ಕೆಂಪು ಪೆನ್ನು. ಅದರಲ್ಲೇ ಹಗ್ಗದ ಚಿತ್ರ ಬರೆಯತೊಡಗಿದರು.

"ಆಮೇಲೆ ಬರೀರಂತೆ," ಎಂದಳು ಅಜ್ಜಿ. "ಮೊದಲು ಎಣಿಸಿ. ಬಾಯಿ ಬಿಟ್ಟು ಎಣಿಸಿ, ನನಗೆ ಕೇಳಿಸಲಿ."

ಮೇಷ್ಟ್ರು ಪೆನ್ನು ಕೆಳಗಿಟ್ಟು, ಪಾಠ ಒಪ್ಪಿಸುವ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿ, ಹಗ್ಗದ ಮೇಲೆ ಬೆರಳಿಟ್ಟರು. ಮೊದಲ ಗಂಟಿನಲ್ಲಿ ತೆನೆಯ ಮುಳ್ಳು ಇನ್ನೂ ಚುಚ್ಚುತ್ತಿತ್ತು.

"ಒಂದು," ಎಂದರು. ಒಂದು ಬೋಳು ಗೇಣು ದಾಟಿದರು. "ಎರಡು."

ಅಲ್ಲಿಂದ ಮುಂದೆ ಬೆರಳು ಬರಿಯ ನಾರಿನ ಮೇಲೆ ಸರಿಯುತ್ತ ಹೋಯಿತು. ಅಜ್ಜಿ ತಲೆ ಬಗ್ಗಿಸಿ ಕೇಳುತ್ತಿದ್ದಳು. ಮೇಷ್ಟ್ರು ತುದಿ ಮುಟ್ಟಿದರು, ಮತ್ತೇನೂ ಹೇಳಲಿಲ್ಲ.